ಒಣಗದ ಉಂಡೆ

ಇಂಕಾ ದೊರೆಯ ಸೀಮೆಯಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಹೆಂಗಸರು ಬಾಯಲ್ಲಿ ಜಗಿದು, ಉಂಡೆ ಮಾಡಿ ಬಿಸಿಲಿಗೆ ಹಾಕಿದರೇ ಹಬ್ಬದ ಹೆಂಡಕ್ಕೆ ಹುಳಿ ಬರುವುದು. ಆ ವರ್ಷ ನಮ್ಮ ಮನೆಯಲ್ಲಿ ಜಗಿಯುವವರು ನಾನು ಮತ್ತು ವಾರಗಿತ್ತಿ ಚಿಂಪು, ಇಬ್ಬರೇ. ಹಿಂದಿನ ಸುಗ್ಗಿಯಲ್ಲಿ ತೀರಿಕೊಂಡ ಅತ್ತೆಯನ್ನು ಬಟ್ಟೆ ಸುತ್ತಿ, ಕೊಳೆಯದೆ ಒಣಗಲೆಂದು ಬೆಟ್ಟದ ತಣ್ಣನೆಯ ಗವಿಯಲ್ಲಿ ಕೂರಿಸಿದ್ದೆವು. ಹಬ್ಬಕ್ಕೆ ಅವರನ್ನು ಕೆಳಗೆ ತಂದು ಮೊದಲ ಬಟ್ಟಲು ಹೆಂಡ ಅವರ ಮುಂದಿಡಬೇಕು.

ಮಧ್ಯಾಹ್ನ ಉಂಡೆಗಳನ್ನು ಮಗುಚಲು ಹೋದರೆ, ಕಂಬಳಿಯ ತುದಿಯಲ್ಲಿ ಒಂದು ಮಾತ್ರ ಹಸಿಯಾಗೇ ಇತ್ತು. ಸುಡುವ ಬಿಸಿಲಲ್ಲೂ ಮಂಜಿನಷ್ಟು ತಣ್ಣಗೆ. ಅದರ ಮೇಲೆ ಹಲ್ಲಿನ ಗುರುತಿತ್ತು; ಮುಂದಿನ ಒಂದು ಹಲ್ಲಿನ ಜಾಗ ಖಾಲಿ. ಎಸೆದೆ. ಮರುದಿನ ಅದೇ ತುದಿಯಲ್ಲಿ ಅಂಥದೇ ಇನ್ನೊಂದು.

ಚಿಂಪುವನ್ನು ನಾನು ಎಂದೂ ನಂಬಿದವಳಲ್ಲ.

“ಯಾರನ್ನೇ ಕರ್ಕೊಂಡ್ ಬಂದು ಜಗಿಸ್ತಿದೀಯ, ಸೋಮಾರಿ? ಅತ್ತೆಗೆ ಕಂಡೋರ ಎಂಜಲು ಕುಡಿಸ್ತೀಯಾ? ತವರಿಗೆ ಅಟ್ಟಿಬಿಡ್ತೀನಿ ನೋಡು!”

ಅವಳು ಬಾಯಿ ಅಗಲಿಸಿ ತೋರಿಸಿದಳು. ಎಲ್ಲ ಹಲ್ಲೂ ಇದ್ದವು. “ಸರಿಯಾಗಿ ನೋಡ್ಕೋ ಅಕ್ಕಾ. ಈ ಮನೇಲಿ ಮುಂದಿನ ಹಲ್ಲು ಇಲ್ದೋರು ಯಾರಿದ್ರು, ನೀನೇ ಹೇಳು.”

ಹೊರೆ ಹೊರುವ ಲಾಮಾ ಒದ್ದು ಹಲ್ಲು ಕಳೆದುಕೊಂಡವರು ಅತ್ತೆ ಒಬ್ಬರೇ.

ಹಬ್ಬದ ಬೆಳಿಗ್ಗೆ ಅತ್ತೆಯನ್ನು ಅಂಗಳಕ್ಕೆ ತಂದು ಕೂರಿಸಿದರು. ಹೊಸ ಬಟ್ಟೆ ಹೊದಿಸುವ ನೆಪದಲ್ಲಿ ಹತ್ತಿರ ಬಗ್ಗಿದೆ. ಸಾವಿನ ದಿನ ಬಾಯಿ ತೆರೆಯದಂತೆ ದವಡೆಗೆ ನಾನೇ ಬಿಗಿದಿದ್ದ ಕೆಂಪು ದಾರದ ಗಂಟು ಹಾಗೇ ಇತ್ತು. ಸದ್ಯ ಎಂದುಕೊಂಡು ಮುಟ್ಟಿದೆ.

ದಾರ ಒದ್ದೆಯಾಗಿತ್ತು.