ವೇದಿಕೆಯ ಮೇಲೆ ಬನ್ನಿ ಎಲೆ

ಜೀಪಿನ ಮುಂದಿನ ಗಾಜಿಗೆ ಇನ್ನೂರು ರೂಪಾಯಿ. ನನ್ನ ಮುರಿದ ಹಲ್ಲಿಗೆ ಎಂಬತ್ತು. ಡ್ರೈವರ್ ಫಕ್ರುಸಾಬನ ಜೀವಕ್ಕೆ... ರೇಟು ಇರಲಿಲ್ಲ!

ಅವನನ್ನು ಸಂಶಿಯ ಹತ್ತಿ ಗೋದಾಮಿನಲ್ಲಿ ಕಟ್ಟಿಹಾಕಿದ್ದರು. ನಾನು ಗೋಡೆ ಹಾರಿ ಓಡುತ್ತಿದ್ದೆ. ಹಿಂದೆ ನಾಲ್ಕು ಕೊಡಲಿ!

"ಲೇ ಶಂಕ್ರಪ್ಪಾ!" ಮಡಿವಾಳೆಪ್ಪನ ಗಂಟಲು. ದಿಲ್ಲಿ ಮುಖಂಡ ರಾಠೋಡನ ಪಕ್ಷದ ಸಂಶಿ ಹುಲಿ. "ಮುಂಜಾನೆ ಭಾಷಣದಾಗ ನಮ್ಮ ಸಾಹೇಬ್ರನ್ನ ಕಳ್ಳ ಅಂದಾನಲ್ಲ ನಿಮ್ಮ ದುಬೆ... ಸಂಜಿ ಸಭಾದಾಗ ಮಾಫಿ ಕೇಳ್ಲಿ! ಇಲ್ಲಂದ್ರ ನಿನ್ನ ಡ್ರೈವರನ ಹೆಣ ಒಯ್ಯಾಕ ಬಾ!"

ನಮ್ಮ ಜೀಪಿನ ಮೇಲೆ ದುಬೆಯ ಬಾವುಟ ಇತ್ತು. ಅಷ್ಟೇ ತಪ್ಪು.

ಎಪ್ಪತ್ತೆಂಟನೇ ಇಸವಿ. ದಿಲ್ಲಿಯಲ್ಲಿ ರಾಠೋಡ, ದುಬೆ ಒಂದೇ ಸರಕಾರದ ಎರಡು ಕಂಬ. ಮೈಕ್ ಮುಂದೆ ಮಾತ್ರ ಹಾವು, ಮುಂಗುಸಿ. ತಮ್ಮ ತಮ್ಮ ಹುಡುಗರು ಬಿಸಿಯಾಗಿರಲಿ ಅಂತ! ಇಬ್ಬರ ನಡುವೆ ಗುಟ್ಟಿನ ಚೀಟಿ ಒಯ್ಯುವವನು ನಾನು.

ಅವರು ಇಳಿದಿದ್ದ ಕುಂದಗೋಳದ ಬಂಗಲೆಗೆ ನುಗ್ಗಿದೆ. ಹಿಂದಿನ ಕೋಣೆಯಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಗಿರಮಿಟ್ ತಿನ್ನುತ್ತಿದ್ದರು. ನಗುತ್ತಿದ್ದರು!

"ನಾವು ದೋಸ್ತರು ಅಂತ ಸಭೆಯಲ್ಲಿ ಒಂದು ಮಾತು ಹೇಳಿ, ಸಾಹೇಬ," ಹಿಂದಿಯಲ್ಲಿ ಅಂಗಲಾಚಿದೆ. "ನನ್ನ ಡ್ರೈವರ್ ಸಾಯುತ್ತಾನೆ!"

ದುಬೆ ಕೈ ಒರೆಸಿಕೊಂಡ. "ಒಳಗೆ ದೋಸ್ತಿ, ಹೊರಗೆ ಕುಸ್ತಿ. ಡ್ರೈವರ್ ಬೇರೆ ಸಿಗುತ್ತಾನೆ."

ರಾಠೋಡ ಇನ್ನೊಂದು ಮೆಣಸಿನಕಾಯಿ ಕಚ್ಚಿದ.

ಅಂದು ದಸರೆಯ ಬನ್ನಿ ಹಬ್ಬ. ನಮ್ಮ ಕಡೆ ಆ ದಿನ ವೈರಿ ಬಂದು ಬನ್ನಿ ಎಲೆ ಕೊಟ್ಟರೂ ಒಲ್ಲೆ ಅನ್ನುವಂತಿಲ್ಲ. ಕೊಟ್ಟು ತಗೊಂಡರೆ ಜಗಳ ಮುಗಿಯಿತು. ದಿಲ್ಲಿಯವರಿಗೆ ಇದೇನು ಗೊತ್ತು?

ಸಂಜೆ ಸರಕಾರದ ಹೆಸರಿನಲ್ಲಿ ಎರಡೂ ಪಕ್ಷಗಳ ಜಂಟಿ ಸಭೆ. ಮುಂದಿನ ಸಾಲಿನಲ್ಲೇ ಮಡಿವಾಳೆಪ್ಪ. ಕಂಬಳಿಯೊಳಗೆ ಕೊಡಲಿ.

ವೇದಿಕೆ ಏರಿ ಮುಖಂಡರಿಬ್ಬರ ಕೈಗೂ ಒಂದೊಂದು ಹಿಡಿ ಬನ್ನಿ ಎಲೆ ತುರುಕಿದೆ.

"ಏನಿದು?" ರಾಠೋಡ ಸಿಡುಕಿದ.

"ಇಲ್ಲಿಯ ರಿವಾಜು. ಒಬ್ಬರಿಗೊಬ್ಬರು ಕೊಡಿ. ವೋಟು ಬೀಳುತ್ತವೆ!"

ವೋಟು ಅಂದದ್ದೇ ತಡ... ಕೊಟ್ಟರು!

ನಾನು ಮೈಕ್ ಕಸಿದೆ. "ನೋಡಿದ್ರ್ಯಾ? ಇಬ್ರೂ ಬನ್ನಿ ಕೊಟ್ಟು ತಗೊಂಡ್ರು! ಇನ್ನ ಬಂಗಾರದಂಗ ಇರ್ತಾರಂತ್ರಿ!"

ಮಡಿವಾಳೆಪ್ಪ ಎದ್ದ. ವೇದಿಕೆಯನ್ನು ದಿಟ್ಟಿಸಿದ. ಉಗುಳಿದ.

"ಇವ್ರ ಸಲುವಾಗಿ ನಾವು ಜೇಲಿಗೆ ಹೋಗೂದು? ನಡೀರಿಲೇ... ಫಕ್ರುನ್ನ ಬಿಡೂಣು!"

ಅರ್ಧ ಸಭೆ ಅವನ ಹಿಂದೆಯೇ ಎದ್ದು ಹೋಯಿತು.

ಫಕ್ರುಸಾಬ ತನ್ನ ಕಾಲ ಮೇಲೆ ನಡೆದು ಮನೆ ಸೇರಿದ. ನನ್ನ ಕೆಲಸ ಹೋಯಿತು. ರಾಠೋಡ, ದುಬೆ ಮೊಟ್ಟಮೊದಲ ಸಲ ಒಳಗೂ ಹೊರಗೂ ಒಂದೇ ಮಾತು ಆಡಿದರು...

ಶಂಕ್ರಪ್ಪ ಹರಾಮಿ!