ಹೆಸರು ಹಿಡಿದು ಕರೆದ ಪುಟ

“ಈ ಪುಟ ತೆಗೀಬೇಕು, ಹಜಿಯಾ.”

‘ಹಜಿಯಾ’ ಎಂದು ಮರ್ಯಾದೆಯಿಂದಲೇ ಕರೆದು, ಸಾಗಿರ್ ಹಸ್ತಪ್ರತಿಯನ್ನು ಲೇಖಕಿ ಬಲರಾಬಾಳತ್ತ ತಿರುಗಿಸಿದ. ನೈಜೀರಿಯಾದ ಕಾನೋ ನಗರದ ಆ ಸೆನ್ಸಾರ್ ಕಚೇರಿಯಲ್ಲಿ ಅವನ ಮೊಹರು ಬೀಳದೆ ಯಾವ ಕಾದಂಬರಿಯೂ ಅಂಗಡಿಗೆ ಹೋಗುವಂತಿರಲಿಲ್ಲ. ಬಲರಾಬಾ ಬಗ್ಗಿ ನೋಡಿದಳು. ಅವಳ ಕಥೆಯ ಜೀವವೇ ಆ ಪುಟದಲ್ಲಿತ್ತು. ಜ್ವರದಲ್ಲಿ ಬೇಯುತ್ತಿರುವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿ ಮೊದಲ ಸಲ ಅವನ ಹೆಸರು ಹಿಡಿದು ಕರೆಯುತ್ತಾಳೆ.

“ಮುತ್ತಿಲ್ಲ, ಬೈಗುಳ ಇಲ್ಲ. ಇದ್ರಲ್ಲೇನು ತಪ್ಪು, ಮಾಲಂ ಸಾಗಿರ್?”

“ನಮ್ಮಲ್ಲಿ ಯಾವ ಹೆಂಗಸು ಗಂಡನ ಹೆಸರು ಹೇಳ್ತಾಳೆ? ಓದಿದ ಹುಡುಗೀರು ನಾಳೆ ತಾವೂ ಶುರು ಮಾಡ್ತಾರೆ ಅಂತ ದೊಡ್ಡವರಿಗೆ ಹೆದರಿಕೆ.”

“ನನ್ನ ಹಿಂದಿನ ಪುಸ್ತಕದಲ್ಲಿ ಕಳ್ಳನಿಗೆ ಬುದ್ಧಿ ಬಂತು. ಕುರ್ಮಿ ಮಾರ್ಕೆಟ್ಟಲ್ಲಿ ಜೇಬು ಕತ್ತರಿಸೋದು ನಿಂತಿದೆಯಾ? ಸೊಸೆಗೆ ಗಂಜಿ ಕಾಸಿಕೊಟ್ಟ ಅತ್ತೆ ಕಥೆ ಬರೆದೆ. ಯಾವ ಅತ್ತೆ ಕಲಿತಳು ಹೇಳಿ?”

ಅವನಿಗೆ ನಗು ತಡೆಯಲಾಗಲಿಲ್ಲ. ನಗುವಾಗ ಕಣ್ಣಂಚಿನಲ್ಲಿ ಗೆರೆಗಳು ಮೂಡಿದವು. ಅವನ್ನು ನೋಡಿದ್ದು ಗೊತ್ತಾಗದಿರಲೆಂದು ಬಲರಾಬಾ ಮುಸುಕು ಸರಿಮಾಡಿಕೊಂಡಳು. ತಲಾಖ್ ಆದಮೇಲೆ ಪ್ರೀತಿಯನ್ನು ಅವಳು ಬರೆದಿದ್ದಳೇ ಹೊರತು ಹತ್ತಿರ ಬಿಟ್ಟುಕೊಂಡಿರಲಿಲ್ಲ.

“ಈ ಪುಟ ಹೋದ್ರೆ ನಂಗೆ ಪುಸ್ತಕಾನೇ ಬೇಡ. ವಾಪಸ್ ಕೊಡಿ.”

ಅವನು ಹಾಳೆಗಳನ್ನು ಬಿಡಲಿಲ್ಲ.

“ಕಥೆ ಯಾರನ್ನೂ ಮುಟ್ಟಲ್ಲ ಅಂತೀರಾ? ನನ್ನ ಮುಟ್ಟಿದೆ.” ಧ್ವನಿ ಇಳಿಯಿತು. “ತೀರಿಹೋದ ನನ್ನಾಕೆ ಕೊನೇವರೆಗೂ ‘ಯಜಮಾನ್ರೇ’ ಅಂತಿದ್ದಳು. ಒಂದು ಸಲಾನೂ ಹೆಸರು ಕರೀಲಿಲ್ಲ. ಅದೊಂದು ಕೊರತೆ ಅಂತ ಅನಿಸಿರಲೇ ಇಲ್ಲ. ಇದನ್ನ ಓದಿದ ಮೇಲೆ ಅನಿಸ್ತು.”

ಬಲರಾಬಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕುವ ಗಂಡಸು ತನ್ನ ಒಳಗನ್ನೇ ಹೀಗೆ ತೆರೆದಿಡಬಲ್ಲನೇ? ತಾನು ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.

“ಹಾಗಾದ್ರೆ ದೊಡ್ಡವರು ಹೇಳೋದೇ ಸರಿ. ನನ್ನ ಕಥೆ ಕೆಡುಕು ಮಾಡ್ತು.”

“ಆಸೆ ಹುಟ್ಟಿಸ್ತು. ಅದು ಕೆಡುಕಾ ಅಂತ ಯೋಚಿಸಿ ಯೋಚಿಸಿ ಸಾಕಾಯ್ತು.”

ಅವನು ಮೊಹರನ್ನು ಶಾಯಿಗೆ ಅದ್ದಿ ಮೊದಲ ಪುಟದ ಮೇಲೆ ಒತ್ತಿದ. ಒಂದು ಹಾಳೆಯೂ ಕಡಿಮೆಯಾಗಲಿಲ್ಲ.

“ದೊಡ್ಡವರು ಕೇಳಿದ್ರೆ?”

“ಮೊದ್ಲು ಓದಿ, ಆಮೇಲೆ ಬೈಯಿರಿ ಅಂತೀನಿ.”

ಅವಳು ಎದ್ದು ಬಾಗಿಲವರೆಗೆ ಹೋಗಿದ್ದಳು.

“ಹಜಿಯಾ, ಇದು ಕಚೇರಿ ಮಾತಲ್ಲ. ಶಾಸ್ತ್ರಕ್ಕೆ ಕೋಲಾ ಕಾಯಿ ಹಿಡ್ಕೊಂಡು ನಿಮ್ಮಣ್ಣನ ಮನೆಗೆ ಹೆಣ್ಣು ಕೇಳೋಕೆ ಬಂದ್ರೆ, ಬಾಗಿಲಲ್ಲೇ ವಾಪಸ್ ಕಳಿಸ್ತೀರಾ?”

ಅವಳ ಕಿವಿ ಬಿಸಿಯಾಯಿತು. ಹೊಸಿಲ ಮೇಲೆ ನಿಂತೇ, ಹಿಂದೆ ತಿರುಗದೆ ಹೇಳಿದಳು.

“ಶುಕ್ರವಾರದ ನಮಾಜ್ ಮುಗಿಸ್ಕೊಂಡು ಬನ್ನಿ, ಮಾಲಂ...”

‘ಮಾಲಂ’ ಎಂಬ ಗೌರವದ ಮಾತು ಬಂತು, ಅವನ ಹೆಸರು ನಾಲಿಗೆಯ ತುದಿಯಲ್ಲೇ ನಿಂತಿತು. ಈಗಷ್ಟೇ ಜಗಳದ ನಡುವೆ ಸಲೀಸಾಗಿ ಬಂದಿತ್ತು. ಆಗ ಅದು ಅಧಿಕಾರಿಯ ಹೆಸರಾಗಿತ್ತು.

ಅವನು ಕಾದ. ಆಮೇಲೆ ಅರ್ಥವಾಗಿ, ಮುಖವೆಲ್ಲ ನಗುವಾಯಿತು.

“ಬರೆದವರ ಮೇಲೇ ಪ್ರಭಾವ ಆಗಿಲ್ವಲ್ಲ, ಹಜಿಯಾ!”

“ಸ್ವಲ್ಪ ತಾಳಿ,” ಎಂದಳು ಬಲರಾಬಾ, ಮುಸುಕಿನೊಳಗೆ ನಗುತ್ತಾ. “ಪುಸ್ತಕ ಇನ್ನೂ ಅಚ್ಚಾಗಬೇಕಲ್ಲ.”