ಬೀಸುವ ಪದದಲ್ಲಿ ಒಂದು ಹೆಸರು

ನೆರೆಮನೆಯ ಮಂಜವ್ವ ಬುಟ್ಟಿಯೊಳಗಿನ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

“ಇದು ಹಿಟ್ಟಲ್ಲ ಹಾಲವ್ವ, ನುಚ್ಚು. ಇದರಾಗ ನಾ ರೊಟ್ಟಿ ಹೆಂಗ ಬಡೀಲಿ? ಮತ್ತೊಮ್ಮೆ ಬೀಸು.”

ಹಾಲವ್ವ ತಲೆ ತಗ್ಗಿಸಿದಳು. ಹತ್ತು ವರ್ಷದ ಹುಡುಗಿ. ಶಾಲೆಯಿಂದ ಬಂದವಳೇ ಪಾಟಿಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಪಡಸಾಲೆಯ ಬೀಸುಕಲ್ಲಿನ ಮುಂದೆ ಕೂತಿದ್ದಳು. ಎರಡೂ ಅಂಗೈ ಕೆಂಪಗಾಗಿದ್ದವು. ಅದು ಎರಡನೆಯ ಮಹಾಯುದ್ಧದ ಕಾಲ, ಸೀಮೆಎಣ್ಣೆಗೂ ರೇಷನ್, ಎಣ್ಣೆಯಿಲ್ಲದೆ ಹಿಟ್ಟಿನ ಗಿರಣಿ ನಿಂತಿತ್ತು. ಹಂಸಭಾವಿಯ ಆ ಓಣಿಯಲ್ಲಿ ಮನೆಮನೆಯಲ್ಲೂ ಜೋಳವನ್ನು ಕೈಯಿಂದಲೇ ಬೀಸುತ್ತಿದ್ದರು.

ಈ ಮನೆಯಲ್ಲಿ ಬೀಸುವ ಕೆಲಸ ಅವ್ವ ಅನ್ನವ್ವನದು. ಅವಳು ಹಾಡುತ್ತಾ ಬೀಸಲು ಕೂತರೆ ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತು ಕೇಳುತ್ತಿದ್ದರು. ಒಂದು ಸಾಲು ಹಾಡುವಷ್ಟರಲ್ಲಿ ಕಲ್ಲು ಇಷ್ಟೇ ಸುತ್ತು ತಿರುಗಬೇಕು, ಸಾಲು ಮುಗಿದ ಕೂಡಲೇ ಒಂದು ಹಿಡಿ ಜೋಳ ಬೀಳಬೇಕು. ಹಾಡೇ ಕೈಗೆ ದಾರಿ ತೋರಿಸುತ್ತಿತ್ತು. ಹಾಡಿಲ್ಲದೆ ಬೀಸಿದ ಹಾಲವ್ವನಿಗೆ ನುಚ್ಚು ಬಂದದ್ದು ಅದಕ್ಕೇ.

ಮೂರು ವಾರದ ಹಿಂದೆ ಹಾಲವ್ವನ ತಮ್ಮ, ಒಂಬತ್ತು ತಿಂಗಳ ಕೂಸು, ಜ್ವರ ಬಂದು ತೀರಿಕೊಂಡಿತ್ತು. ಅಂದಿನಿಂದ ಅವ್ವ ಅತ್ತಿಲ್ಲ, ಮಾತಾಡಿಲ್ಲ, ಸರಿಯಾಗಿ ಕಣ್ಣು ಮುಚ್ಚಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತುಬಿಟ್ಟಿದ್ದಾಳೆ.

“ನಿದ್ದಿ ಹತ್ತಲಿಲ್ಲ ಅಂದ್ರ ಯಾವ ಔಷಧಕ್ಕೂ ಈಕಿ ಉಳಿಯಂಗಿಲ್ಲ,” ಎಂದು ವೈದ್ಯರು ಅಪ್ಪ ಕರಬಸಪ್ಪನಿಗೆ ಹೇಳಿದ್ದನ್ನು ಹಾಲವ್ವ ಬಾಗಿಲ ಹಿಂದಿನಿಂದ ಕೇಳಿದ್ದಳು. ಆಗಿನಿಂದ ಅವಳಿಗೆ ಪಾಠವೂ ತಲೆಗೆ ಹತ್ತುತ್ತಿರಲಿಲ್ಲ, ಊಟವೂ ಸೇರುತ್ತಿರಲಿಲ್ಲ.

ದೊಡ್ಡವರು ತಮಗೆ ತಿಳಿದದ್ದನ್ನು ಮಾಡಿದ್ದರು. ತೊಟ್ಟಿಲು ಅಟ್ಟ ಸೇರಿತು. ಕೂಸು ಕೇಳಿ ನಗುತ್ತಿತ್ತೆಂದು ಎತ್ತಿನ ಕೊರಳ ಗೆಜ್ಜೆಯನ್ನೂ ಬಿಚ್ಚಿಟ್ಟರು. ಮನೆಯಲ್ಲಿ ಹಾಡು ಬೇಡ, ಕೂಸಿನ ಹೆಸರಂತೂ ಬೇಡವೇ ಬೇಡ. ಆ ಹೆಸರು ಕಿವಿಗೆ ಬಿದ್ದರೆ ಅನ್ನವ್ವನ ಎದೆ ಒಡೆದೀತು ಎಂದು ಮಂಜವ್ವ ಓಣಿಗೆಲ್ಲ ಹೇಳಿ ಬಂದಿದ್ದಳು. ಹೇಳುವ ಕೆಲಸವೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಆದರೆ ಮನಸ್ಸು ಒಳ್ಳೆಯದು. ಇಷ್ಟೂ ದಿನ ಈ ಮನೆಗೆ ರೊಟ್ಟಿ ಬಡಿದು ಕೊಟ್ಟವಳೂ ಅವಳೇ.

ಮಂಜವ್ವ ಹೋದ ಮೇಲೆ ಹಾಲವ್ವ ನುಚ್ಚನ್ನು ಮತ್ತೆ ಕಲ್ಲಿಗೆ ಹಾಕಿದಳು. ಕೈ ಒಮ್ಮೆ ಓಡುತ್ತಿತ್ತು, ಒಮ್ಮೆ ತಡೆಯುತ್ತಿತ್ತು. ಹದ ಸಿಗಲೆಂದು ಬಾಯೊಳಗೇ ಅವ್ವನ ಬೀಸುವ ಪದ ಹೇಳಿಕೊಂಡಳು. ಕಲ್ಲು ಒಂದೇ ಸಮನೆ ತಿರುಗತೊಡಗಿತು. ಆ ಹುಮ್ಮಸ್ಸಿನಲ್ಲಿ ದನಿ ಯಾವಾಗ ಹೊರಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ.

“ಬಿಳಿಜ್ವಾಳ ಬೀಸೇನ, ಬಿಸಿರೊಟ್ಟಿ ಬಡದೇನ,
ಬೆಳಗಾಗಲೆದ್ದು ನಗುವೋನ ಉಳಿವೆಪ್ಪ...”

ಕಲ್ಲು ನಿಂತಿತು.

ತಾಯಂದಿರು ಬೀಸುವ ಪದದಲ್ಲಿ ತಮ್ಮ ಮಕ್ಕಳ ಹೆಸರು ಸೇರಿಸಿ ಹಾಡುವುದು ಅಲ್ಲಿಯ ರೂಢಿ. ಅವ್ವನೂ ಉಳಿವೆಪ್ಪ ಎಂದು ಕೂಸಿನ ಹೆಸರು ಸೇರಿಸಿದ್ದಳು. ಹಾಲವ್ವನಿಗೆ ಅದು ಮರೆತೇಹೋಗಿತ್ತು. ತಾನೇ ಅವ್ವನ ಜೀವ ತೆಗೆದೆನೇನೋ ಎಂದು ಅವಳು ಒಳಕೋಣೆಯ ಬಾಗಿಲನ್ನೇ ನೋಡಿದಳು.

ಒಳಗಿನಿಂದ ಒಡೆದ ದನಿಯೊಂದು ಕೇಳಿತು.

“ಅಳಬ್ಯಾಡ, ಅವ್ವ ಬರತಾಳ.”

ಪದದ ಮೂರನೆಯ ಸಾಲು ಅದು. ಗೋಡೆ ಹಿಡಿದುಕೊಂಡು ಅವ್ವ ಹೊರಗೆ ಬಂದಳು. ಎದುರಿಗೆ ಕೂತು, ಹಾಲವ್ವನ ಕೈಯ ಮೇಲೆ ಕೈಯಿಟ್ಟು ಕಲ್ಲಿನ ಗೂಟ ಹಿಡಿದಳು. ಮತ್ತೆ ಮೊದಲಿನಿಂದ ಹಾಡಿದಳು. ಹೆಸರು ಬಂದಲ್ಲಿ ಮೂರು ವಾರದ ಅಳು ಒಮ್ಮೆಲೇ ಹೊರಬಂತು. ಅಳುತ್ತಲೇ ಬೀಸಿದಳು, ಬೀಸುತ್ತಲೇ ಹಾಡಿದಳು.

ಅಳು ಕೇಳಿ ಮಂಜವ್ವ ಓಡಿ ಬಂದಳು. ಆ ಹೆಸರು ಯಾಕೆ ತೆಗೆದೆ ಎಂದು ಹಾಲವ್ವನನ್ನು ತರಾಟೆಗೆ ತೆಗೆದುಕೊಂಡಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಆಕಿಗೆ ಬೈಬ್ಯಾಡ್ರಿ ಯಕ್ಕಾ. ನೀವೆಲ್ಲಾ ಅವನ ಹೆಸರ ಎತ್ತದ ಸುಮ್ಮನ ಇದ್ರಿ. ನನ್ನ ಕೂಸು ಹುಟ್ಟೇ ಇರಲಿಲ್ಲೇನೋ ಅನ್ನಿಸಿತ್ತು ನನಗ.”

ಮಂಜವ್ವ ಬೈಯುವುದನ್ನು ಬಿಟ್ಟಳು. ಕಂಬಕ್ಕೆ ಒರಗಿ ಕೂತು ತಾನೂ ಕಣ್ಣೊರೆಸಿಕೊಂಡಳು.

ಬುಟ್ಟಿ ಬರಿದಾಗುವ ಹೊತ್ತಿಗೆ ಅವ್ವನ ದನಿ ಸಣ್ಣದಾಯಿತು. ಹಿಟ್ಟು ಮೆತ್ತಿದ ಕೈಯನ್ನೇ ತಲೆಯಡಿ ಇಟ್ಟುಕೊಂಡು ಕಲ್ಲಿನ ಪಕ್ಕದಲ್ಲೇ ಒರಗಿದಳು. ಕಣ್ಣು ಮುಚ್ಚಿತು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಗಿ ನಿದ್ದೆ ಹತ್ತಿತು.

ಕಾಳಿಲ್ಲದ ಕಲ್ಲನ್ನು ತಿರುಗಿಸಬಾರದು, ಕಲ್ಲು ಸವೆಯುತ್ತದೆ. ಹಾಲವ್ವ ಗೂಟ ಬಿಟ್ಟಳು. ಆದರೆ ಹಾಡು ನಿಂತರೆ ಅವ್ವನಿಗೆ ಎಚ್ಚರವಾದೀತು ಎಂದು ಮೆಲ್ಲಗೆ ಪದ ಮುಂದುವರಿಸಿದಳು. ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ. ನಿದ್ದೆ ಹೋದ ಹೆಂಡತಿಯನ್ನು ನೋಡಿ ಅವನ ಕಣ್ಣು ತುಂಬಿತು.

ಹಾಲವ್ವ ಅಪ್ಪನನ್ನು ನೋಡುತ್ತಲೇ ಎರಡನೆಯ ಸಾಲಿಗೆ ಬಂದಳು. ತಮ್ಮನ ಹೆಸರನ್ನು ನುಂಗಲಿಲ್ಲ, ಪೂರ್ತಿ ಹಾಡಿದಳು. ಅಪ್ಪನ ತುಟಿಯೂ ಆ ಹೆಸರಿಗೆ ಅಲುಗಿತು.